ಕೆಸರುಗಾಲಿನ ತಂಡ

ಒಂದು ಕಾಡಿನಲ್ಲಿ ಒಂದು ಕಾಲೇಜು ಇತ್ತು. ಆಲದ ಮರದ ಕೆಳಗೆ ಪಾಠ. ಪಕ್ಕದ ಹುಲ್ಲುಬಯಲಿನಲ್ಲಿ ಫುಟ್‌ಬಾಲ್. ಆಲದ ಬಿಳಲು ಸುತ್ತಿ ಮಾಡಿದ ಚೆಂಡು. ವರ್ಷಕ್ಕೊಮ್ಮೆ ಹೊಳೆಯಾಚೆಯ ಕಾಲೇಜಿನ ಜೊತೆ ಪಂದ್ಯ. ಗೆಲ್ಲುತ್ತಿದ್ದದ್ದು ಆಲದ ಕಾಲೇಜೇ.

ಆಟ ಕಲಿಸುತ್ತಿದ್ದವನು ಭರಮಣ್ಣ ಎಂಬ ಮುದಿ ಕಾಟಿ, ಅಂದರೆ ಕಾಡುಕೋಣ. ಮಾತು ಕಡಿಮೆ. ಯಾರಾದರೂ ಚೆಂಡನ್ನು ತನ್ನ ಕಾಲಲ್ಲೇ ಇಟ್ಟುಕೊಂಡು ಮೆರೆದರೆ ಬಯಲಿನ ಅಂಚಿನಿಂದ ಒಂದೇ ಮಾತು ಬರುತ್ತಿತ್ತು: "ಕೊಡು."

ಅಷ್ಟೇ ಅವನ ಪಾಠ. ಅದರಲ್ಲೇ ಗೆದ್ದರು.

ಆಮೇಲೆ ನರಿ ಬಂತು. ಪ್ರಿನ್ಸಿಪಾಲ ಆನೆಗೆ ಕಣ್ಣು ಮಂದ, ಕಿವಿ ದೊಡ್ಡದು. ನರಿಗೆ ಅಷ್ಟೇ ಸಾಕಿತ್ತು. ಆ ಕಿವಿಯ ಹತ್ತಿರ ಕೂತು ಕೂತು ಆಟದ ಕಾರ್ಯದರ್ಶಿಯಾಯಿತು. ಚೆಂಡನ್ನು ಒಂದು ದಿನವೂ ಒದ್ದದ್ದಿಲ್ಲ.

ತಂಡಕ್ಕೆ ಸೇರಲು ಬಂದವರಿಗೆ ಓಡಲು ಬರುತ್ತದೆಯೇ ಎಂದು ನರಿ ಕೇಳಲಿಲ್ಲ. ಕಾಲು ನೋಡಿತು. ಗೊರಸೋ, ಉಗುರೋ? ಗೊರಸಿನವರನ್ನು ಪಕ್ಕಕ್ಕೆ ಕರೆದು ಹೇಳಿತು: ಭರಮಣ್ಣ ನಿಮ್ಮ ಜಾತಿಯವನಾದರೂ ಉಗುರಿನವರ ಕಡೆ ವಾಲಿದ್ದಾನೆ. ನನ್ನನ್ನು ನೋಡಿ, ಉಗುರಿದ್ದರೂ ಎಲಚಿ ಹಣ್ಣು ತಿನ್ನುತ್ತೇನೆ, ಮನಸ್ಸಿನಲ್ಲಿ ನಿಮ್ಮವನೇ. ಉಗುರಿನವರನ್ನು ಇನ್ನೊಂದು ಪಕ್ಕಕ್ಕೆ ಕರೆದು ತನ್ನ ಪಂಜ ತೋರಿಸಿತು. ಗೊರಸಿನ ಮೇಷ್ಟ್ರು ಗೊರಸಿನವರನ್ನೇ ಮೇಲೆ ತರುತ್ತಾನೆ ಎಂದಿತು.

ಎರಡು ಕಡೆಯವರೂ ಸೇರಿ ಭರಮಣ್ಣನನ್ನು ಓಡಿಸಿದರು. ಆಮೇಲೆ ಎರಡು ವರ್ಷ ಅವರು ಸೇರಿ ಮಾಡಿದ ಕೆಲಸ ಇನ್ನೊಂದಿಲ್ಲ. ನಾಚಿಕೆಗೇಡು. ಮುದುಕ ಗುಡ್ಡದ ಹಿಂದಿನ ಜೌಗಿಗೆ ಹೋದ.

ಇನ್ನು ಆಟ ನೋಡಬೇಕಿತ್ತು. ನರಿ ಅಂಚಿನಲ್ಲಿ ನಿಂತು "ನಮ್ಮವರಿಗೆ ಕೊಡು" ಎಂದು ಕೂಗುತ್ತಿತ್ತು. ಗೊರಸಿನವರು ಗೊರಸು ಹುಡುಕಿದರು. ಉಗುರಿನವರು ಉಗುರು ಹುಡುಕಿದರು. ಗೋಲು ಕಾಯುವ ಕರಿಮೂತಿ ಕೋತಿ ಮುಸುವನಿಗೆ ಕೈ ಇತ್ತು, ಅವನು ಯಾವ ಕಡೆಗೂ ಸೇರಲಿಲ್ಲ. ಅವನಿಗೆ ಯಾರೂ ಅಡ್ಡ ನಿಂತು ಸಹಾಯ ಮಾಡಲಿಲ್ಲ. ಎದುರಾಳಿಗಳು ನಗುತ್ತಾ ಗೋಲು ಹೊಡೆದರು.

ಸೋತ ಮೇಲೆ ನರಿ ಸಭೆ ಕರೆಯಿತು. ಗಾಳಿ ಸರಿಯಿರಲಿಲ್ಲ ಎಂದಿತು. ಗೋಲುಗೂಟದ ಮೇಲೆ ಕಾಗೆ ಕೂತಿತ್ತು ಎಂದಿತು. ಕಾಗೆ ಕೂರಬಾರದೆಂದು ನಿರ್ಣಯವಾಯಿತು. ಮುಂದಿನ ವರ್ಷ ಕಾಗೆ ಕೂರಲಿಲ್ಲ. ಆಗಲೂ ಸೋತರು. ಆದರೆ ನರಿಯ ಗವಿಗೆ ಜೇನು ಬರುತ್ತಿತ್ತು, ಮಾಂಸ ಬರುತ್ತಿತ್ತು. ತಮ್ಮ ಮಕ್ಕಳನ್ನು ತಂಡಕ್ಕೆ ಹಾಕಿಸಲು ಎರಡೂ ಕಡೆಯ ತಂದೆತಾಯಿಗಳು ಹೊತ್ತು ತರುತ್ತಿದ್ದರು. ಹೇಳಿ, ಇದು ಆಟವೇ?

ಕಾಡಿನ ಕಟ್ಟಳೆ ಒಂದಿತ್ತು. ಸತತ ಮೂರು ವರ್ಷ ಸೋತವರು ತಮ್ಮ ಬಯಲನ್ನು ಗೆದ್ದವರಿಗೆ ಬಿಡಬೇಕು. ಇನ್ನು ಒಂದೇ ಪಂದ್ಯ ಉಳಿದಿತ್ತು.

ತಂಡದ ನಾಯಕಿ ನಾಗಿ ಎಂಬ ಕಡವೆ. ಅವಳು ಹುಟ್ಟಿದ್ದು ಆ ಬಯಲಿನಲ್ಲಿ. ಮೊದಲು ಎದ್ದು ನಿಂತದ್ದೂ ಅಲ್ಲೇ. ಬಯಲು ಹೋಗುತ್ತದೆ ಎಂದಾಗ ಅವಳಿಗೆ ಮೇವು ಇಳಿಯಲಿಲ್ಲ. ಕಾಡುಬೆಕ್ಕು ಮಾಳನ ಹತ್ತಿರ ಹೋದಳು. ಎರಡು ವರ್ಷದಿಂದ ಅವರಿಬ್ಬರಿಗೆ ಮಾತಿರಲಿಲ್ಲ.

"ಏನಮ್ಮಾ, ಗೊರಸಿನವರಿಗೆ ದಾರಿ ತಪ್ಪಿತಾ?" ಎಂದ ಮಾಳ.

"ಹೋದ ಸಲ ಗೋಲಿನ ಮುಂದೆ ನೀನು ಒಬ್ಬನೇ ನಿಂತಿದ್ದೆ," ಎಂದಳು ನಾಗಿ. "ನಾನು ನೋಡಿದ್ದೆ. ಬೇಕಂತಲೇ ಕೊಡಲಿಲ್ಲ."

ಮಾಳ ಪಂಜ ನೆಕ್ಕಿಕೊಂಡ. ತಾನೂ ಹಾಗೆ ಮಾಡಿದ್ದುಂಟು ಎಂದು ಒಪ್ಪಿಕೊಂಡ. ಇಬ್ಬರೂ ಉಳಿದವರನ್ನು ಸೇರಿಸಿಕೊಂಡು ಗುಡ್ಡದ ಹಿಂದೆ ಹೋದರು.

ಭರಮಣ್ಣ ಮೇಯುತ್ತಿದ್ದ. ತಲೆ ಎತ್ತಲಿಲ್ಲ. ನಾಗಿ ಕ್ಷಮೆ ಕೇಳಿದಳು. ಅವನು ಮೆಲುಕು ಹಾಕಿದ. ಮತ್ತೆ ಕೇಳಿದಳು. ಅವನು ಮೂತಿಯಿಂದ ಜೌಗಿನ ಕಡೆ ತೋರಿಸಿ, "ಇಳೀರಿ" ಎಂದ.

ಇಳಿದರು. ಮೊಣಕಾಲುದ್ದ ಕೆಸರು. ಸ್ವಲ್ಪ ಹೊತ್ತಿನಲ್ಲಿ ಎಲ್ಲರ ಕಾಲೂ ಒಂದೇ ಕಪ್ಪು ಮುದ್ದೆ. ಗೊರಸೂ ಕಾಣಲಿಲ್ಲ, ಉಗುರೂ ಕಾಣಲಿಲ್ಲ. ಮುದುಕ ಚೆಂಡನ್ನು ನಡುವೆ ಎಸೆದ. ಕೆಸರಿನಲ್ಲಿ ಚೆಂಡನ್ನು ಒಬ್ಬನೇ ಎಳೆದುಕೊಂಡು ಹೋಗಲು ಆಗದು. ಹೋದವನು ಹೂತುಕೊಂಡ. ಹತ್ತಿರದವನಿಗೆ ಕೊಡಲೇಬೇಕು. ಹತ್ತಿರ ಇರುವವನು ಯಾರೆಂದು ಬಗ್ಗಿ ನೋಡಲು ಪುರಸೊತ್ತಿಲ್ಲ.

"ಕೊಡು," ಎಂದ ಭರಮಣ್ಣ.

ಬೇಸಿಗೆಯೆಲ್ಲ ಅದೇ ನಡೆಯಿತು. ಬಿದ್ದರು, ಎದ್ದರು, ಬೈದುಕೊಂಡರು. ಕರಡಿಮರಿಯೊಂದು ತನಗೆ ಮೈ ನೋವೆಂದಾಗ ಮುದುಕ ಅದನ್ನು ನೋಡಿದ. ನೋಡಿದ ಅಷ್ಟೇ. ಅದು ಮತ್ತೆ ಇಳಿಯಿತು. ನರಿ ಒಮ್ಮೆ ವಿಚಾರಿಸಲು ಬಂದು, ಕೆಸರು ಕಂಡು, ಬಾಲ ಎತ್ತಿಕೊಂಡು ಹಿಂದಿರುಗಿತು.

ಪಂದ್ಯದ ದಿನ ತಂಡ ಕಾಲು ತೊಳೆಯದೆ ನೇರವಾಗಿ ಜೌಗಿನಿಂದ ಬಂತು. ಹಿಂದೆ ಭರಮಣ್ಣ. ನರಿ ಮೂಗು ಮುಚ್ಚಿಕೊಂಡಿತು. "ಥೂ, ಕಾಲು ತೊಳೆದುಕೊಂಡು ಬನ್ನಿ," ಎಂದಿತು. ಯಾರೂ ಕದಲಲಿಲ್ಲ.

ಆಟ ಶುರುವಾಯಿತು. ಮೊದಲ ಗೋಲು ಎದುರಾಳಿಗಳು ಹೊಡೆದರು. ಅಭ್ಯಾಸಬಲದಿಂದ ನರಿ "ನಮ್ಮವರಿಗೆ ಕೊಡು" ಎಂದು ಕೂಗಿತು. ನಾಗಿ ತಲೆ ಎತ್ತಿದಳು. ಸುತ್ತಲೂ ಇದ್ದದ್ದು ಕೆಸರುಗಾಲು. ಎಲ್ಲರೂ ನಮ್ಮವರೇ. ಯಾರು ಖಾಲಿ ಇದ್ದರೋ ಅವರಿಗೆ ಕೊಟ್ಟಳು. ಅವರು ಇನ್ನೊಬ್ಬರಿಗೆ ಕೊಟ್ಟರು. ಗೋಲು ಹೊಡೆದು ಸರಿಗಟ್ಟಿದರು. ಈ ಸಲ ಮುಸುವನ ಮುಂದೆ ಕರಡಿಮರಿ ಗೋಡೆಯ ಹಾಗೆ ನಿಂತಿತ್ತು.

ಆಟ ಮುಗಿಯುವ ಹೊತ್ತು. ನಾಗಿಯ ಕಾಲಲ್ಲಿ ಚೆಂಡು. ತಾನೇ ಹೊಡೆಯಬಹುದಿತ್ತು. ಬಲಗಡೆ ಮಾಳ ಒಬ್ಬನೇ ನಿಂತಿದ್ದ. ಹೋದ ವರ್ಷದ ಜಾಗವೇ. ಈ ಸಲ ಕೊಟ್ಟಳು. ಮಾಳ ಹೊಡೆದ. ಬಯಲು ಉಳಿಯಿತು.

ನರಿ ಎಲ್ಲರಿಗಿಂತ ಮೊದಲು ಆನೆಯ ಮುಂದೆ ಹೋಗಿ ಗೆಲುವಿನ ಹಾರಕ್ಕೆ ಕತ್ತು ಚಾಚಿತು. ತಾನು ಕಟ್ಟಿದ ತಂಡ ಎಂದಿತು. ಆನೆ ಹಾರ ಎತ್ತಿತು. ಆಮೇಲೆ ತಡೆಯಿತು. ಕಣ್ಣು ಮಂದವಲ್ಲವೇ.

"ಇವನು ಯಾರ ಕಡೆಯವನು? ಬಂದು ಗುರುತು ಹೇಳಿ," ಎಂದಿತು.

ಉಗುರಿನವರ ಕಡೆಯವನು ಎಂದಳು ನಾಗಿ. ಆದರೆ ಮನಸ್ಸಿನಲ್ಲಿ ನಮ್ಮವನೇ ಎಂದು ನಮಗೆ ಹೇಳಿದ್ದ ಎಂದೂ ಸೇರಿಸಿದಳು. ಮಾಳ ಹುಬ್ಬೇರಿಸಿದ. ಹುಟ್ಟಿನಲ್ಲೂ ಮನಸ್ಸಿನಲ್ಲೂ ನಮ್ಮವನು ಎಂದು ನಮಗೆ ಹೇಳಿದ್ದ ಎಂದ. ಗೊರಸಿನ ತಾಯಂದಿರು ತಾವು ಕೊಟ್ಟ ಜೇನಿನ ಮಾತು ತೆಗೆದರು. ಉಗುರಿನ ತಂದೆಯರು ಮಾಂಸದ ಮಾತು ತೆಗೆದರು. ಆನೆಯ ದೊಡ್ಡ ಕಿವಿಗೆ ಅಂದು ಎಲ್ಲವೂ ಬಿತ್ತು.

"ಹಾಗಾದರೆ ಇವನು ನಮ್ಮವನು ಎನ್ನುವವರು ಯಾರಾದರೂ ಇದ್ದೀರಾ?"

ಗೊರಸಿನವರೂ ಉಗುರಿನವರೂ ಒಂದೊಂದು ಹೆಜ್ಜೆ ಹಿಂದೆ ಸರಿದರು.

ಹಾರ ಭರಮಣ್ಣನ ಕೊಂಬಿಗೆ ಬಿತ್ತು. ಅವನು ಅದರ ಹೂವನ್ನು ಮೇಯ್ದ. ನರಿಯನ್ನು ಹೊಳೆಯಾಚೆಗೆ ಅಟ್ಟಿದರು. ಅದು ಒದ್ದೆ ಬಾಲ ಎಳೆದುಕೊಂಡು ದಡ ಹತ್ತಿತು. ಅಲ್ಲಿಯ ಕಾಲೇಜಿನ ಬಾಗಿಲಲ್ಲಿ ಕೂತಿದ್ದ ಮುಳ್ಳುಹಂದಿ ಅದರ ಕಾಲು ನೋಡಿ, ನೀನು ಯಾರ ಕಡೆಯವನಪ್ಪಾ ಎಂದು ಕೇಳಿತು. ನರಿ ಪಂಜಗಳನ್ನು ಬಾಲದಡಿ ಬಚ್ಚಿಟ್ಟುಕೊಂಡಿತು.

ನೀತಿ: ತಂಡದೊಳಗೆ ನಮ್ಮವರು, ಅವರ ಕಡೆಯವರು ಎಂದು ಬೇರೆ ಮಾಡುವವನು ಯಾರವನೂ ಅಲ್ಲ. ಅವನ ಮಾತು ಬಿಟ್ಟು, ಒಟ್ಟಿಗೆ ಬೆವರು ಸುರಿಸಿದವರೇ ಗೆಲ್ಲುತ್ತಾರೆ.