ನಾಲ್ಕು ಬೆರಳು ಹೆಚ್ಚಿಗೆ

ಶಿಷ್ಯನೊಬ್ಬ ಕೇಳಿದ:

"ಗುರುಗಳೇ, ಕೈಕಾಲು ಸ್ವಾಧೀನವಿಲ್ಲದ ಮಕ್ಕಳ ಸೇವೆಗೆಂದು ನಾಳೆ ಹೊರಟಿದ್ದೇನೆ. ನನಗೆ ಸಾಸಿವೆ ಕಾಳಿನಷ್ಟೂ ಭಯವಿಲ್ಲ. ಕೆಟ್ಟದ್ದು ಮಾಡುವವನು ಹೆದರಬೇಕು, ಸರಿ. ಒಳ್ಳೆಯದು ಮಾಡುವವನು ಯಾಕೆ ಹೆದರಬೇಕು?"

ಗುರುಗಳು ಹೇಳಿದರು:

"ಒಂದು ಕತೆ ಇದೆ. ನೀನು ನಂಬುವುದಿಲ್ಲ. ನಂಬುವುದಿಲ್ಲ ಎಂದು ಗೊತ್ತಿದ್ದೇ ಹೇಳುತ್ತಿದ್ದೇನೆ. ಇಂಥ ಬಡಗಿ ಇರಲಾರ, ಇಷ್ಟು ಸಣ್ಣ ತಪ್ಪಿಗೆ ಇಷ್ಟು ದೊಡ್ಡ ಭಯವೇ ಎಂದು ಎಲ್ಲಿ ಅನ್ನಿಸುತ್ತದೋ ಅಲ್ಲೇ ಎದ್ದು ಹೋಗು. ನಾನು ಕರೆಯುವುದಿಲ್ಲ. ನೋಡೋಣ, ಎಲ್ಲಿ ಏಳುತ್ತೀಯೋ."

ಶಿಷ್ಯ ನಕ್ಕು, ಚಕ್ಕಳಮಕ್ಕಳ ಹಾಕಿ ಕೂತ. ಗುರುಗಳು ಶುರು ಮಾಡಿದರು.

ಒಬ್ಬ ಬಡಗಿ ಇದ್ದ. ಹಳ್ಳಿಯಲ್ಲಿ ಹುಟ್ಟಿ ಬೆಳೆದ ಗಟ್ಟಿ ಆಳು, ಇನ್ನೂ ಇಪ್ಪತ್ತೈದು ತುಂಬಿರಲಿಲ್ಲ. ನೇಗಿಲು, ಗಾಡಿಯ ಗಾಲಿ, ತೊಟ್ಟಿಲು, ಬಾಗಿಲ ಚೌಕಟ್ಟು, ಅವನ ಕೈಗೆ ಬಾರದ ಕೆಲಸವಿರಲಿಲ್ಲ. ದಿಮ್ಮಿಯನ್ನು ಒಂದು ಸಲ ನೋಡಿ 'ಇದರಾಗ ಎರಡು ಬಾಗಿಲಾ, ಒಂದು ಮಣಿ' ಎಂದರೆ ಮುಗಿಯಿತು, ಕೊಯ್ದಾಗ ಎರಡು ಬಾಗಿಲು, ಒಂದು ಮಣೆಯೇ ಬರುತ್ತಿದ್ದವು. ಟೇಪು ಹಿಡಿದವರನ್ನು ಕಂಡರೆ ಅವನಿಗೆ ನಗು. 'ಕಣ್ಣಿನ ಮ್ಯಾಲೆ ಭರೋಸೆ ಇಲ್ಲದವರು ಟೇಪು ಹಿಡೀತಾರ' ಎನ್ನುತ್ತಿದ್ದ. ಹೇಳಿಕೊಳ್ಳುವಷ್ಟು ಕಸುಬು ಅವನಲ್ಲಿ ಇತ್ತು. ಕಸುಬಿಗಿಂತ ಒಂದು ತೂಕ ಹೆಚ್ಚಾಗಿಯೇ ಹೇಳಿಕೊಳ್ಳುತ್ತಿದ್ದ.

ತಾಲೂಕು ಊರಿನ ಹೊರಗೆ ಒಂದು ಮನೆಯಿತ್ತು. ಅದನ್ನು ನಡೆಸುತ್ತಿದ್ದ ಮುದುಕಿಯನ್ನು ಎಲ್ಲರೂ ಅವ್ವ ಎನ್ನುತ್ತಿದ್ದರು. ಕತ್ತು ನಿಲ್ಲದ, ಬೆನ್ನು ನಿಲ್ಲದ, ಮಾತು ಬಾರದ ಮಕ್ಕಳು ಅಲ್ಲಿದ್ದರು. ಇಡೀ ದಿನ ಮಲಗಿಯೇ ಇರುವ ಮಗು ಸೂರನ್ನು ಮಾತ್ರ ನೋಡುತ್ತದೆ. ಅದನ್ನು ಆನಿಸಿ ಕೂರಿಸಿದರೆ ಮನುಷ್ಯರ ಮುಖ ನೋಡುತ್ತದೆ, ಕುಡಿದ ಗಂಜಿ ಸರಿಯಾದ ದಾರಿಯಲ್ಲಿ ಇಳಿಯುತ್ತದೆ. ಅದಕ್ಕೆಂದೇ ಆ ಮನೆಯಲ್ಲಿ ಮರದ ಕುರ್ಚಿ ಮಾಡುತ್ತಿದ್ದರು. ಬೆನ್ನಿಗೆ ಹಲಗೆ, ಎರಡು ಪಕ್ಕಕ್ಕೆ ಆನಿಕೆ, ಸೊಂಟಕ್ಕೊಂದು ಪಟ್ಟಿ, ಎದೆಗೊಂದು ಪಟ್ಟಿ. ಕೆಲವು ಕುರ್ಚಿಗಳು ಸುತ್ತಲಿನ ಹಳ್ಳಿಗಳಿಗೆ ಹೋಗುತ್ತಿದ್ದವು. ಕೆಲವು ಹಡಗು ಹತ್ತಿ ಕಡಲಾಚೆಯ ದೇಶವೊಂದಕ್ಕೆ ಹೋಗುತ್ತಿದ್ದವು. ಅಲ್ಲಿ ಒಬ್ಬ ನರ್ಸಮ್ಮ ಹಳ್ಳಿ ಹಳ್ಳಿ ಸುತ್ತಿ ಅವನ್ನು ಮಕ್ಕಳಿಗೆ ಮುಟ್ಟಿಸುತ್ತಿದ್ದಳು.

ಬಡಗಿ ಆ ಮನೆಯ ಕೆಲಸಕ್ಕೆ ಸೇರಿದ. ಊರಿಗೆಲ್ಲ ಸಾರಿಯೇ ಬಂದ. 'ಇನ್ನ ಮ್ಯಾಲೆ ನನ್ನ ಕೆಲಸ ಕಡಲ ದಾಟತೈತಿ. ನಿಮ್ಮ ನೇಗಿಲಾ ನೀವಽ ಮಾಡ್ಕೋರಿ.'

ಆ ಮನೆಯ ಪದ್ಧತಿ ಎರಡು. ಮೊದಲನೆಯದು, ಅಳತೆ ದಾರದಲ್ಲಿ ಬರುತ್ತಿತ್ತು. ಮಗುವಿನ ತೊಡೆಯುದ್ದಕ್ಕೆ ಒಂದು ಗಂಟು, ಸೊಂಟದಿಂದ ಕಂಕುಳಿಗೆ ಒಂದು, ಎದೆಯ ಅಗಲಕ್ಕೆ ಒಂದು. ದಾರದ ತುದಿಗೆ ಹೆಸರು, ವಯಸ್ಸು ಬರೆದ ಚೀಟಿ. ಎರಡನೆಯದು, ಕಡಲಾಚೆಯ ಪ್ರತಿ ಮಗುವಿಗೂ ಈ ಮನೆಯಲ್ಲೊಂದು ಜೋಡಿ ಕೂಸು ಇರುತ್ತಿತ್ತು. ಯಾರ ಮೈಗೆ ಆ ದಾರ ಸರಿ ಹೊಂದುತ್ತದೋ ಅವರೇ ಜೋಡಿ. ಕುರ್ಚಿ ಮುಗಿದ ಮೇಲೆ ಜೋಡಿ ಕೂಸು ಅದರಲ್ಲಿ ಕೂತು ಒಂದು ಹೊತ್ತಿನ ಊಟ ಮುಗಿಸಬೇಕು. ಆಮೇಲಷ್ಟೇ ಪೆಟ್ಟಿಗೆಗೆ ಮೊಳೆ.

ಒಂದು ದಿನ ಹೊಸ ದಾರ ಬಂತು. ಚೀಟಿಯಲ್ಲಿ ಬರೆದಿತ್ತು: ನೀಮಾ, ಹುಡುಗಿ, ಹನ್ನೆರಡು ವರ್ಷ.

ಬಡಗಿ ದಾರವನ್ನು ಬೆರಳಿಗೆ ಸುತ್ತಿ ನೋಡಿದ. ಗಂಟುಗಳು ಐದು ವರ್ಷದ ಕೂಸಿನ ಅಳತೆಗೆ ಬಿದ್ದಿದ್ದವು. ಅವನಿಗೆ ನಗು ಬಂತು. ತಮ್ಮೂರಿನಲ್ಲಿ ಹನ್ನೆರಡಕ್ಕೆ ಹುಡುಗಿಯರು ತಲೆಯ ಮೇಲೊಂದು, ಸೊಂಟದ ಮೇಲೊಂದು ಕೊಡ ಹೊತ್ತು ಬರುತ್ತಾರೆ. ಯಾರೋ ಗಂಟು ಹಾಕಲು ಬಾರದವರು ಹಾಕಿದ್ದಾರೆ ಎಂದುಕೊಂಡ. ಗಂಟು ಸರಿಯೇ ಇದ್ದರೂ ಬೆಳೆಯುವ ಹುಡುಗಿ. ಅವನ ತಾಯಿ ಅವನಿಗೆ ಒಮ್ಮೆಯಾದರೂ ಮೈಗೆ ಸರಿಯಾದ ಅಂಗಿ ಹೊಲಿಸಿದ್ದುಂಟೇ? 'ಬೆಳಿಯೋ ಹುಡುಗ, ನಾಲ್ಕು ಬೆರಳು ಹೆಚ್ಚಿಗೇ ಇರಲಿ' ಎಂದು ದರ್ಜಿಗೆ ಹೇಳುವುದನ್ನು ಕೇಳಿಕೊಂಡೇ ಅವನು ಬೆಳೆದವನು. ಕಡಲು ದಾಟಿ ಹೋಗುವ ಕುರ್ಚಿ, ಆರು ತಿಂಗಳಿಗೆ ಸಣ್ಣದಾದರೆ ಮತ್ತೆ ಯಾರು ಮಾಡಿಕೊಡುತ್ತಾರೆ? ತೊಡೆಯುದ್ದಕ್ಕೆ ನಾಲ್ಕು ಬೆರಳು ಹೆಚ್ಚಿಗೆ ಇಟ್ಟ. ಬೆನ್ನಿಗೂ ಇಟ್ಟ. ಪ್ರೀತಿಯಿಂದಲೇ ಇಟ್ಟ.

ಕುರ್ಚಿ ಮುಗಿದ ದಿನ ಅವ್ವ ಬೇರೆ ಹಳ್ಳಿಗೆ ಹೋಗಿದ್ದಳು. ಬಂದರಿಗೆ ಹೋಗುವ ಲಾರಿ ಬಾಗಿಲಲ್ಲಿ ಹಾರ್ನ್ ಹೊಡೆಯುತ್ತಿತ್ತು. ಅಡುಗೆಯವಳು ಬಾಗಿಲಿಗೆ ಬಂದು ಕೇಳಿದಳು.

'ಜೋಡಿ ಕೂಸಿನ್ನ ಕೂರಿಸೇ ಇಲ್ಲಲ್ಲೋ?'

'ಯಕ್ಕಾ, ನಾ ಮಾಡಿದ ಗಾಡಿ ಹತ್ತು ಚೀಲ ಜ್ವಾಳ ಹೊತ್ತು ಹಳ್ಳ ದಾಟೈತಿ. ಅದಕ್ಕೇನು ಮೊದಲ ಗಂಜಿ ಕುಡಿಸಿದ್ದೆನೇನು?'

ಅಡುಗೆಯವಳು ನಕ್ಕು ಒಳಗೆ ಹೋದಳು. ಬಡಗಿ ಪೆಟ್ಟಿಗೆಗೆ ಮೊಳೆ ಹೊಡೆದ.

ಅವ್ವ ಮೂರು ವಾರ ಬಿಟ್ಟು ಬಂದಳು. ಹಳ್ಳಿಗಳಲ್ಲಿ ಕೆಲಸ ಹಾಗೆ ಹಿಡಿದಿತ್ತು. ಬಂದವಳೇ ನೀಮಾಳ ಕುರ್ಚಿ ವಿಚಾರಿಸಿದಳು.

'ಹೋತು ಅವ್ವಾರ. ನಾಲ್ಕು ಬೆರಳು ಹೆಚ್ಚಿಗೇ ಇಟ್ಟೀನಿ. ಐದಾರು ವರ್ಷ ನಡೀತೈತಿ.'

'ಯಾರನ್ನ ಕೂರಿಸಿ ನೋಡಿದಿ?'

'ಕೂರಿಸೂದು ಯಾತಕ್ಕ್ರೀ? ನನ್ನ ಕಣ್ಣ ನೋಡೈತಿ.'

ಅವ್ವ ಬೈಯಲಿಲ್ಲ. 'ಅಂಥಾದ್ದಽ ಇನ್ನೊಂದು ಮಾಡು ತಮ್ಮಾ. ಈಗ ಮಾಡು. ಬೆರಳೂ ಹೆಚ್ಚುಕಡಿಮಿ ಆಗಬಾರದು' ಎಂದಳು. ಬಡಗಿ ಎರಡು ದಿನದಲ್ಲಿ ಮಾಡಿದ. ಅದಕ್ಕಿಂತ ಇದೇ ಚೆಂದ ಬಂದಿದೆ ಎಂದು ಮನಸ್ಸಿನಲ್ಲೇ ಬೀಗಿದ.

ನೀಮಾಳ ಜೋಡಿ ಹುಲಿಗೆಮ್ಮ. ಅವಳಿಗೆ ಹದಿಮೂರು ವರ್ಷ, ಮೈ ಐದು ವರ್ಷದ್ದು. ಬಡಗಿ ಅವಳನ್ನು ದಿನಾ ನೋಡುತ್ತಿದ್ದ, ವಯಸ್ಸು ಕೇಳಿರಲಿಲ್ಲ. ಹುಲಿಗೆಮ್ಮನಿಗೆ ಉಣಿಸುವವಳು ಅವ್ವ, ಅವಳು ಊರಲ್ಲಿಲ್ಲದಾಗ ಅಡುಗೆಯವಳು. ಬೇರೆ ಯಾರ ಕೈಗೂ ಅವ್ವ ಆ ಚಮಚ ಕೊಡುತ್ತಿರಲಿಲ್ಲ. ಒಂದು ತುತ್ತು ದಾರಿ ತಪ್ಪಿದರೆ ಆ ಹುಡುಗಿಯ ಉಸಿರು ನಿಲ್ಲುತ್ತಿತ್ತು.

ಅವ್ವ ಹುಲಿಗೆಮ್ಮನನ್ನು ಹೊಸ ಕುರ್ಚಿಯಲ್ಲಿ ಕೂರಿಸಿ ಪಟ್ಟಿ ಬಿಗಿದಳು. ಒಂದು ಅಂಗೈಯನ್ನು ಎದೆಪಟ್ಟಿಯ ಒಳಗೆ, ಕೊರಳ ಕೆಳಗೆ ಇಟ್ಟಳು. ಇನ್ನೊಂದು ಕೈಯಿಂದ ಗಂಜಿ ಹಾಕತೊಡಗಿದಳು.

'ನೋಡ್ತಿರು. ಕಣ್ಣ ತಗೀಬ್ಯಾಡ' ಎಂದಳು.

ಒಂದು ಚಮಚ ಇಳಿಯಿತು. ಎರಡು ಇಳಿದವು. ಹುಲಿಗೆಮ್ಮನ ಸೊಂಟ ಒಂದು ಬೆರಳು ಮುಂದೆ ಜಾರಿತು. ಮೂರನೆಯ ಚಮಚಕ್ಕೆ ಮತ್ತೆ ಒಂದು ಬೆರಳು. ಹೆಚ್ಚಿಗೆ ಇಟ್ಟ ಜಾಗದಲ್ಲಿ ಅವಳು ಕೆಸರಿನಲ್ಲಿ ಇಳಿದ ಹಾಗೆ ಇಳಿಯುತ್ತಿದ್ದಳು. ನಾಲ್ಕು ಬೆರಳು ಮುಂದಕ್ಕೆ ಬಿದ್ದಿದ್ದ ಸೊಂಟದ ಪಟ್ಟಿಗೆ ಅವಳು ಸಿಗಲಿಲ್ಲ, ಎದೆಪಟ್ಟಿ ಮಾತ್ರ ಇದ್ದಲ್ಲೇ ಇತ್ತು. ಎದೆ ಅದರ ಕೆಳಗೆ ಹೋಯಿತು. ಹೆಗಲು ಹೋಯಿತು. ಪಟ್ಟಿ ಕೊರಳಿಗೆ ಬಂತು. ಅದಕ್ಕೂ ಕೊರಳಿಗೂ ನಡುವೆ ಅವ್ವನ ಅಂಗೈ ಒಂದೇ ಇತ್ತು. ಅದರ ಬೆರಳುಗಳು ಕೆಂಪಾಗಿ, ಆಮೇಲೆ ಬೆಳ್ಳಗಾದವು.

ಬಡಗಿ ಕಾದ. ಹುಡುಗಿ ಈಗ ಕೂಗುತ್ತಾಳೆ, ಈಗ ಕೂಗುತ್ತಾಳೆ ಎಂದು ಕಾದ. ಅವಳು ಕೂಗಲಿಲ್ಲ. ಅವನ ಮುಖವನ್ನೇ ನೋಡುತ್ತಿದ್ದಳು.

ಅವ್ವ ಅವಳನ್ನು ಎತ್ತಿ ಹೆಗಲಿಗೆ ಹಾಕಿಕೊಂಡಳು.

'ಯಾಕ ಕೂಗಲಿಲ್ರೀ ಆಕಿ?' ಎಂದು ಬಡಗಿ ಕೇಳಿದ.

'ಕೂಗಾಕ ಉಸಿರು ಬೇಕಲ್ಲೋ ತಮ್ಮಾ.'

ಅವ್ವ ಕಡಲಾಚೆಗೆ ಫೋನು ಮಾಡಿಸಿದಳು. ಹಡಗು ಆಗಲೇ ಮುಟ್ಟಿತ್ತು. ನರ್ಸಮ್ಮ ಪೆಟ್ಟಿಗೆಗಳನ್ನು ಲಾರಿಗೆ ಹೇರಿಕೊಂಡು ಹಿಂದಿನ ದಿನವೇ ಒಳನಾಡಿಗೆ ಹೋಗಿದ್ದಳು. ಅಲ್ಲಿ ಫೋನು ಹಿಡಿಯುವುದಿಲ್ಲ. ಅವಳು ಮರಳುವುದು ಒಂಬತ್ತು ದಿನಕ್ಕೆ. ಆಕೆಯ ಹಿಂದೆ ಒಬ್ಬನನ್ನು ಅಟ್ಟುತ್ತೇವೆ ಎಂದು ಅಲ್ಲಿಯವರು ಹೇಳಿದರು, ಯಾವ ಹಳ್ಳಿಗೆ ಮೊದಲು ಹೋದಳೋ ತಿಳಿಯದು ಎಂದೂ ಅಂದರು.

ಆ ಒಂಬತ್ತು ದಿನವನ್ನು ಬಡಗಿ ಕಳೆದ ಬಗೆ ಕೇಳು.

ಅವನು ನೀಮಾಳ ಮುಖ ಕಂಡವನಲ್ಲ. ಹುಲಿಗೆಮ್ಮನ ಮುಖವನ್ನೇ ಅವಳಿಗೂ ಇಟ್ಟುಕೊಂಡ. ಅವನ ಕಣ್ಣ ಮುಂದೆ ಒಬ್ಬ ತಾಯಿ ಮಗಳನ್ನು ಹೊಸ ಕುರ್ಚಿಯಲ್ಲಿ ಕೂರಿಸುತ್ತಾಳೆ. ಪಟ್ಟಿ ಬಿಗಿಯುತ್ತಾಳೆ. ಹನ್ನೆರಡು ವರ್ಷದಲ್ಲಿ ಮೊದಲ ಸಲ ಅವಳ ಎರಡೂ ಕೈ ಖಾಲಿ. ಕೊಡ ಎತ್ತಿಕೊಂಡು ನೀರಿಗೆ ಹೋಗುತ್ತಾಳೆ. ಹಿಂದಿರುಗಿ ನೋಡುವುದಿಲ್ಲ. ಯಾಕೆ ನೋಡಬೇಕು? ತಾಯಿಯ ಕೈಗೆ ಬಿಡುವು ಸಿಗಲೆಂದೇ ಅಲ್ಲವೇ ಅವನು ಕುರ್ಚಿ ಮಾಡಿದ್ದು? ಒಳಗೆ ಮಗಳು ಒಂದು ಬೆರಳು ಜಾರುತ್ತಾಳೆ. ಸದ್ದಿಲ್ಲ.

ಅಂಗಿಯ ಮೇಲಿನ ಗುಂಡಿ ಹಾಕಿಕೊಳ್ಳಲು ಅವನಿಂದಾಗಲಿಲ್ಲ. ಎತ್ತಿನ ಕೊರಳ ಹಗ್ಗ ಕಂಡರೆ ಮುಖ ತಿರುಗಿಸಿದ.

ನಾಲ್ಕನೆಯ ದಿನ ಅವನ ಊರಿನ ಗೆಳೆಯರಿಬ್ಬರು ಸಂತೆಗೆ ಬಂದವರು ಅವನನ್ನು ನೋಡಲು ಬಂದರು.

'ಏನಪಾ ಕಡಲಾಚೆ ಸಾವ್ಕಾರ! ನಿನ್ನ ಕುರ್ಚಿ ಮ್ಯಾಲೆ ಯಾವ ರಾಣಿ ಕುಂತಾಳ ಈಗ?' ಎಂದು ಒಬ್ಬ ಕೇಳಿದ.

'ರಾಣಿ ಎದ್ದು ಬಂದು ಇವನ್ನಽ ಮದಿವಿ ಆಗತಾಳಂತ. ಅದಕ್ಕಽ ಮುಖ ಹಿಂಗ ಸೊರಗೈತಿ' ಎಂದು ಇನ್ನೊಬ್ಬ ಬೆನ್ನು ತಟ್ಟಿದ.

ಹತ್ತು ಮಾತಿಗೆ ಇಪ್ಪತ್ತು ಮಾತು ತಿರುಗಿ ಕೊಡುವವನು ಗೆಳೆಯನ ಅಂಗಿಯ ಮೇಲಿನ ಗುಂಡಿ ಬಿಚ್ಚತೊಡಗಿದ. ಗೆಳೆಯರು ಒಬ್ಬರನ್ನೊಬ್ಬರು ನೋಡಿಕೊಂಡು, ಚಹಾ ಕೂಡ ಕುಡಿಯದೆ ಎದ್ದು ಹೋದರು.

ಆರನೆಯ ದಿನ ಅವನು ಅವ್ವನ ಮುಂದೆ ನಿಂತ.

'ಯವ್ವಾ, ಒಂದ ಸಲ ಬೈದಬಿಡ್ರಿ. ಹೊಡದರೂ ಹೊಡೀರಿ.'

'ಬೈದರ ನಿನಗ ಹಗುರ ಆಗತೈತಿ. ಆಕಿಗೇನ ಆಗತೈತಿ?' ಎಂದಳು ಅವ್ವ. ತೊಯ್ದ ಬಟ್ಟೆ ಹಿಂಡುತ್ತಿದ್ದವಳು ಹಿಂಡುತ್ತಲೇ ಇದ್ದಳು. ಆ ಬಟ್ಟೆಯಲ್ಲಿ ಹನಿ ನೀರೂ ಉಳಿದಿಲ್ಲ ಎಂಬುದನ್ನು ಬಡಗಿ ಆಗ ಕಂಡ. ಅದನ್ನು ಕಂಡ ಮೇಲೆ ಅವನ ಭಯ ಇಮ್ಮಡಿಯಾಯಿತು. ಅಲ್ಲಿಯವರೆಗೆ ಅವನು, ಎಲ್ಲ ಬಲ್ಲ ಅವ್ವ ಏನೂ ಆಗಿಲ್ಲವೆಂದು ತಿಳಿದೇ ಸುಮ್ಮನಿದ್ದಾಳೆ ಎಂದುಕೊಂಡಿದ್ದ.

ಒಂಬತ್ತನೆಯ ದಿನ ಫೋನು ಬರಲಿಲ್ಲ. ಹತ್ತನೆಯ ದಿನ ಮಕ್ಕಳ ಊಟದ ಹೊತ್ತಿಗೆ ಬಂತು. ಅವ್ವ ಕೈ ಒರೆಸಿಕೊಂಡು ಎತ್ತಿದಳು. ಬಡಗಿ ಬಂದು ಪಕ್ಕದಲ್ಲಿ ನಿಂತ. ಅವ್ವ 'ಹೂಂ' ಎಂದಳು. ಮತ್ತೆ 'ಹೂಂ' ಎಂದಳು. ಬಹಳ ಹೊತ್ತು ಕೇಳಿದಳು. ಫೋನು ಇಟ್ಟು ನೆಲಕ್ಕೆ ಕೂತಳು.

'ಅದಾಳ' ಎಂದಳು.

ಆಮೇಲೆ ಹೇಳಿದಳು. 'ಆ ನರ್ಸಮ್ಮ ಹೆದರುಪುಕ್ಕಲಿ. ಹೊಸಾ ಕುರ್ಚಿ ಕೊಟ್ಟರ ಮೂರು ದಿನ ಕೂಸಿನ ಮುಂದಿಂದ ಏಳಂಗಿಲ್ಲ. ಎಂಥಾ ಚೆಂದ ಕುರ್ಚಿ, ನೀ ಹೋಗವಾ, ಬ್ಯಾರೆ ಊರಿನವರು ಕಾಯಾಕತ್ತಾರ ಅಂತ ಆ ತಾಯಿ ಹೇಳಿದಳಂತ. ಊರವರೆಲ್ಲಾ ನಕ್ಕರಂತ. ಈಕಿ ಏಳಲಿಲ್ಲ. ಮೊದಲನೇ ದಿನಾ ಏನೂ ಆಗಲಿಲ್ಲ. ಎರಡನೇ ದಿನಾ ತಾಯಿ ನೀರಿಗೆ ಹ್ವಾದಾಗ ಜಾರಿತು. ಈಕಿ ಕೈ ಅಲ್ಲೇ ಇತ್ತು.'

'ಈಗ ಆಕಿ ಎಲ್ಲಿ ಅದಾಳ್ರೀ?' ಎಂದು ಬಡಗಿ ಕೇಳಿದ.

'ಈಗ ಮತ್ತ ತಾಯಿ ತೊಡಿ ಮ್ಯಾಲೇ ಅದಾಳ ಆ ಕೂಸು. ಸರೀದೊಂದು ಕಳಸ್ರಿ ಅಂದರು. ಹಡಗು ಮುಟ್ಟಾಕ ಮತ್ತ ಎಷ್ಟು ದಿನಾ ಬೇಕೋ.'

ಬಡಗಿ ನೀಮಾಳ ದಾರ ಹುಡುಕಿ ತಂದ. ಗಂಟಿಗೆ ಗಂಟು ಇಟ್ಟು ಹಲಗೆ ಕೊಯ್ದ. ಕೊಯ್ಯುವ ಮುಂಚೆ ಮೂರು ಸಲ ಅಳೆದ. ಹುಲಿಗೆಮ್ಮನನ್ನು ಅದರಲ್ಲಿ ಕೂರಿಸಿ, ಅವ್ವ ಉಣಿಸುವಾಗ ತಾನು ಮಂಡಿಯೂರಿ ಪಟ್ಟಿಯ ಒಳಗೆ ಅಂಗೈ ಇಟ್ಟ. ಒಂದು ಊಟಕ್ಕಲ್ಲ, ಮೂರು ದಿನದ ಊಟಕ್ಕೂ ಹಾಗೆಯೇ ಇಟ್ಟ. ಚಮಚ ಚಮಚಕ್ಕೂ ಪಟ್ಟಿ ಎಲ್ಲಿದೆ ಎಂದು ಬಗ್ಗಿ ನೋಡಿದ. ಪಟ್ಟಿ ಎದೆಯ ಮೇಲೆಯೇ ನಿಂತಿತು. ಪೆಟ್ಟಿಗೆಗೆ ಮೊಳೆ ಬಿತ್ತು.

ಗುರುಗಳು ಇಲ್ಲಿಗೆ ನಿಲ್ಲಿಸಿದರು. ಶಿಷ್ಯ ಎಲ್ಲಿಯೂ ಎದ್ದು ಹೋಗಿರಲಿಲ್ಲ. ಆದರೂ ಹೆಗಲು ಕುಣಿಸಿ ಕೇಳಿದ:

"ಹೀಗೆ ಹೆದರಿಹೋದವನು ಇನ್ನು ಯಾವ ಕೆಲಸಕ್ಕೆ ಬಂದಾನು ಗುರುಗಳೇ? ಅವ್ವ ಅವನ ಕೈಗೆ ಏನು ಕೊಟ್ಟು ಕಳಿಸಿದಳು?"

ಗುರುಗಳು ಹೇಳಿದರು:

"ಕಳಿಸಲಿಲ್ಲ, ಹುಲಿಗೆಮ್ಮನಿಗೆ ದಿನಾ ಮಧ್ಯಾಹ್ನ ಗಂಜಿ ಕುಡಿಸುವ ಚಮಚವನ್ನು ಅವನ ಕೈಗೆ ಕೊಟ್ಟಳು."