ತೊಳೆದಿಟ್ಟ ಗಡಿಗೆ

ಕಪಿಲೆಯ ದಡದ ಆ ಆಶ್ರಮದಲ್ಲಿ ಬಂದವರಿಗೆ ಮಂತ್ರ ಕೊಡುತ್ತಿರಲಿಲ್ಲ, ಹೆಪ್ಪು ಕೊಡುತ್ತಿದ್ದರು. ಹೊರಟವರ ಕೈಗೆ ಒಂದು ಚಮಚ ಮೊಸರು. “ಮನೆಗೆ ಹೋಗಿ ಹಾಲಿಗೆ ಹಾಕ್ಕೊಳ್ಳಿ” ಎಂದು ಗುರು ನೀಲಮ್ಮನವರು ನಗುತ್ತಿದ್ದರು. ಎಲ್ಲರೂ ಅವರನ್ನು ಅವ್ವ ಎನ್ನುತ್ತಿದ್ದರು.

ನಲವತ್ತು ವರ್ಷದ ಹಿಂದೆ ಅವ್ವ ಆ ಹೆಪ್ಪನ್ನು ತವರಿನಿಂದ ಗಡಿಗೆಯಲ್ಲಿ ತಂದಿದ್ದರು. ಎರಡು ದಿನ ಇಟ್ಟರೂ ಹುಳಿಯೇರದ, ನಾಲಿಗೆಯ ಮೇಲೆ ಚೂರು ಸಿಹಿ ಉಳಿಸುವ ಮೊಸರು. ಅಡುಗೆಮನೆ ಶಿಷ್ಯ ಶಿವನಂಜನದು. ಹನ್ನೆರಡು ವರ್ಷದಿಂದ ಒಂದು ದಿನವೂ ತಪ್ಪದೆ ಅವನು ಹೆಪ್ಪು ಹಾಕುತ್ತಾ ಬಂದಿದ್ದ.

ಅವನಿಗೆ ಅವ್ವನೇ ಲೋಕ. ಎಡವಟ್ಟಾದದ್ದೂ ಅದರಿಂದಲೇ.

ಆರು ವರ್ಷದ ಹಿಂದೆ ಅವ್ವನ ಸ್ತನದಲ್ಲಿ ಕ್ಯಾನ್ಸರ್ ಗಡ್ಡೆ ಕಂಡು, ಆಪರೇಷನ್ ಆಗಿ, ಎಲ್ಲ ಸರಿಹೋಗಿತ್ತು. ಈಗ ಕೆಮ್ಮು ಶುರುವಾಯಿತು. ಪಟ್ಟಣದ ಡಾಕ್ಟರಮ್ಮ ಪರೀಕ್ಷೆ ಮಾಡಿಸಿ, “ಶ್ವಾಸಕೋಶಕ್ಕೆ ಹರಡಿದೆ” ಎಂದರು. ಆಮೇಲೆ ಇಬ್ಬರನ್ನೂ ಕೂರಿಸಿಕೊಂಡು ಬಹಳ ಹೊತ್ತು ಬಿಡಿಸಿ ಹೇಳಿದರು. ಶಿವನಂಜನಿಗೆ ಹರಡಿದೆ ಎಂಬುದರಿಂದಾಚೆ ಒಂದು ಮಾತೂ ಕೇಳಿಸಲಿಲ್ಲ.

ಔಷಧಿ ಅಂಗಡಿಯವನು ಮಾತ್ರೆ ಕೊಡುತ್ತಾ, “ಇದು ಸ್ತನ ಕ್ಯಾನ್ಸರಿಂದು, ಇವತ್ತಿಂದಲೇ ಶುರು ಮಾಡಿ” ಎಂದ.

ಸ್ತನದ್ದೇ? ಕಾಯಿಲೆ ಇರುವುದು ಶ್ವಾಸಕೋಶದಲ್ಲಿ! ಶಿವನಂಜನಿಗೆ ಜೀವವೇ ಹಾರಿಹೋದಂತಾಯಿತು. ಆಶ್ರಮಕ್ಕೆ ಬಂದವನೇ ಮಾತ್ರೆಯನ್ನು ಬೇಳೆ ಡಬ್ಬಿಯಲ್ಲಿ ಬಚ್ಚಿಟ್ಟ. ಎದೆಗೆ ಶೀತವಾಗಬಾರದೆಂದು ಮೊಸರನ್ನು ಬಾಳೆ ಬುಡಕ್ಕೆ ಸುರಿದು, ಗಡಿಗೆಯನ್ನು ತಿಕ್ಕಿ ತೊಳೆದು ಬಿಸಿಲಿಗೆ ಬೋರಲು ಹಾಕಿದ.

ಮಧ್ಯಾಹ್ನ ಅವ್ವ ಊಟಕ್ಕೆ ಕೂತರು.

“ಮಾತ್ರೆ ಎಲ್ಲಪ್ಪ?”

“ಕೊಡಲ್ಲ ಅವ್ವ. ಡಾಕ್ಟರು ತಪ್ಪು ಮಾತ್ರೆ ಬರೆದಿದ್ದಾರೆ. ನಾಳೆ ಶ್ವಾಸಕೋಶದ ಡಾಕ್ಟರ ಹತ್ರ ಹೋಗೋಣ.”

ಅವ್ವ ಅವನ ಮುಖವನ್ನೇ ನೋಡಿದರು. “ಸರಿ, ಮೊಸರು ಬಡಿಸು.”

“ಚೆಲ್ಲಿಬಿಟ್ಟೆ. ಮೊಸರು ಕಫ ಕಟ್ಟುತ್ತೆ.”

“ಹೆಪ್ಪಿಗೆ ಇಟ್ಕೊಂಡಿದ್ದೀಯ ತಾನೇ?”

ಶಿವನಂಜ ಬಿಸಿಲಿನಲ್ಲಿದ್ದ ಗಡಿಗೆಯ ಕಡೆ ತಿರುಗಿದ. ತಲೆಯ ಮೇಲೆ ಕೈ ಹೊತ್ತು ಅಲ್ಲೇ ಕೂತುಬಿಟ್ಟ.

ಅವ್ವ ನಗತೊಡಗಿದರು. ಕೆಮ್ಮು ಬಂದರೂ ನಗು ನಿಲ್ಲಲಿಲ್ಲ. “ನಲವತ್ತು ವರ್ಷ ಕಾಪಾಡಿದ್ದನ್ನ ಬಾಳೆಗಿಡಕ್ಕೆ ಬಡಿಸಿಬಿಟ್ಟೆಯಲ್ಲೋ! ಎದ್ದೇಳು. ಹರಿಗೋಲಿನ ಪುಟ್ಟಮಾದನ ಮನೆಗೆ ಹೋಗಿ ಒಂದು ಚಮಚ ಇಸ್ಕೊಂಡು ಬಾ.”

ಪುಟ್ಟಮಾದನ ಹೆಂಡತಿ ದೊಡ್ಡತಾಯಮ್ಮ ಸಂಗತಿ ಕೇಳಿ ಬಾಗಿಲಲ್ಲೇ ಕೂತು ನಕ್ಕಳು. “ಆಶ್ರಮದೋರೇ ಮೊಸರಿಗೆ ನಮ್ಮನೆ ಬಾಗ್ಲಿಗೆ ಬರಂಗಾಯ್ತಾ!” ಎಂದವಳು ಡಬ್ಬಿ ಹಿಡಿದು ತಾನೇ ಹೊರಟಳು. ಬೀದಿಯುದ್ದಕ್ಕೂ ಸಾರಿಕೊಂಡೇ ಬಂದಳು. ಆಶ್ರಮ ಮುಟ್ಟುವ ಹೊತ್ತಿಗೆ ಹಿಂದೆ ಏಳು ಹೆಂಗಸರು, ಅವಳದೂ ಸೇರಿ ಎಂಟು ಪಾತ್ರೆ. ಯಾರ ಮೊಸರು ಗಡಿಗೆಗೆ ಹೋಗಬೇಕೆಂದು ಅಂಗಳದಲ್ಲೇ ಜಗಳ ಹತ್ತಿತು. ಅವ್ವನಿಗೆ ಹಬ್ಬ.

“ಶಿವನಂಜ, ಕಣ್ಮುಚ್ಚು” ಎಂದು ಒಂದೊಂದರಿಂದಲೂ ಅವನ ಅಂಗೈಗೆ ಹಾಕಿದರು. “ಇದು?”

“ಎಮ್ಮೆ ಹಾಲಿಂದು. ಆದರೆ ಹೆಪ್ಪು ನಮ್ಮದೇ.”

“ಇದು?”

“ನೀರು ಜಾಸ್ತಿ.” ಯಾರೋ ರೇಗಿದರು, ಉಳಿದವರು ನಕ್ಕರು. “ಇದೂ ನಮ್ಮದೇ, ಅವ್ವ. ಕೊನೇಲಿ ಅದೇ ಸಿಹಿ.”

“ದೊಡ್ಡತಾಯಮ್ಮನ ಸ್ಟೀಲ್ ಡಬ್ಬಿಗೆ ಹೋಗಿ ಹನ್ನೊಂದು ವರ್ಷವಾಯ್ತು. ಆದರೂ ಬೇರೆ ಆಗಲಿಲ್ವಾ?”

“ಡಬ್ಬಿ ಬದಲಾದರೆ ಹೆಪ್ಪು ಬದಲಾಗುತ್ತಾ?” ಎಂದ ಶಿವನಂಜ. ಹೇಳಿದವನು ಕಣ್ಣು ಬಿಟ್ಟ. ಅವ್ವ ಅವನನ್ನೇ ನೋಡುತ್ತಿದ್ದರು.

“ಹಾಗಾದರೆ ಅವ್ವ, ಶ್ವಾಸಕೋಶದಲ್ಲಿರೋದು…”

“ಸ್ತನದಿಂದ ಎದ್ದು ಹೋಗಿದ್ದೇ ಕಣಪ್ಪ. ಹೊಸದಲ್ಲ. ಡಾಕ್ಟರಮ್ಮ ಅಷ್ಟು ಹೊತ್ತು ಹೇಳಿದ್ದು ಅದನ್ನೇ. ಮನೆ ಬದಲಾಯಿಸಿದೆ, ಜಾತಕ ಅದೇ. ಮಾತ್ರೆ ನೋಡೋದು ಜಾತಕಾನ, ವಿಳಾಸವನ್ನಲ್ಲ.”

ಶಿವನಂಜ ಅಡುಗೆಮನೆಗೆ ಓಡಿದ. ಮಾತ್ರೆಯ ಜೊತೆ ನಾಲ್ಕು ತೊಗರಿಬೇಳೆಯೂ ಅವ್ವನ ಅಂಗೈಗೆ ಬಿತ್ತು. ಅವ್ವ ಬೇಳೆ ಆರಿಸಿಟ್ಟು ಮಾತ್ರೆ ನುಂಗಿದರು.

“ಇನ್ನು ವಾಸಿಯಾಗುತ್ತಲ್ಲ, ಅವ್ವ?”

“ಇಲ್ಲ ಮಗಾ. ಹಿಡಿದಿಡಬಹುದು ಅಂದಿದ್ದಾರೆ. ಪೂರ್ತಿ ಹೋಗಲ್ಲ.”

ಅವ್ವ ಅದನ್ನು ಬೆಳಗಿನ ತಿಂಡಿಯ ವಿಷಯ ಹೇಳುವ ಹಾಗೆ ಹೇಳಿದರು. ಶಿವನಂಜನಿಗೆ ತಡೆಯಲಾಗಲಿಲ್ಲ. ಅಷ್ಟು ಜನರ ಎದುರೇ ಮಗುವಿನ ಹಾಗೆ ಅತ್ತ.

ಅಂಗಳದ ಜಗಳ ಅಷ್ಟರಲ್ಲಿ ರಾಜಿಯಾಗಿತ್ತು. ಎಂಟೂ ಪಾತ್ರೆಯಿಂದ ಒಂದೊಂದು ಚಮಚ ಹಾಕುವುದೆಂದು ತೀರ್ಮಾನವಾಗಿ, ದೊಡ್ಡತಾಯಮ್ಮ ಒಲೆಯ ಮೇಲೆ ಹಾಲಿಟ್ಟು ಹಾಡು ಶುರುಮಾಡಿದ್ದಳು. ಅವ್ವನೂ ತೊಡೆ ತಟ್ಟುತ್ತಾ ದನಿಗೂಡಿಸಿದರು.

ಹಾಡು ಮುಗಿದ ಮೇಲೆ ಶಿವನಂಜ ಮೆಲ್ಲಗೆ ಕೇಳಿದ. “ನೀವು ಹೋದಮೇಲೆ ನಾನು ನಿಮ್ಮನ್ನ ಎಲ್ಲಿ ಹುಡುಕಲಿ, ಅವ್ವ?”

ಅವ್ವ ಬಿಸಿಲಲ್ಲಿ ಒಣಗಿದ್ದ ಗಡಿಗೆಯನ್ನು ತಂದು ಅವನ ಮಡಿಲಲ್ಲಿಟ್ಟರು.

“ಬೆಳಿಗ್ಗೆ ಇದನ್ನ ತೊಳೆದುಬಿಟ್ಟೆಯಲ್ಲ, ಮೊಸರು ಎಲ್ಲಿ ಸಿಕ್ಕಿತು?”