ಬೋರೇಶ ಕಂಪ್ಯೂಟರ್ ಎಬ್ಬಿಸಿದ್ದು

ಕೇಳ್ರಪ್ಪಾ ಕೇಳಿ, ನಗು ಬಂದರೆ ತಡೀಬೇಡಿ. ನಮ್ಮ ಬೋರೇಶ ಬೇಜಾರು ಮಾಡಿಕೊಳ್ಳುವ ಪೈಕಿಯವನಲ್ಲ.

ಮದ್ದೂರಿನ ಕಡೆ ಒಂದೂರು. ಆ ಊರಲ್ಲಿ ದೇವೀರಮ್ಮ ಅಂತ ಒಬ್ಬ ತಾಯಿ, ಬೋರೇಶ ಅಂತ ಒಬ್ಬ ಮಗ. ಮನೆಯ ಮುಂದಿನ ಕೋಣೆಯಲ್ಲಿ ತಾಯಿ ಜೆರಾಕ್ಸ್ ಅಂಗಡಿ ಇಟ್ಟಿದ್ದಳು. ಲಗ್ನಪತ್ರಿಕೆಯನ್ನೂ ಪ್ರಿಂಟ್ ಹಾಕಿಕೊಡುತ್ತಿದ್ದಳು. ಮಗನಿಗೆ ಇಪ್ಪತ್ತೈದು ವರ್ಷ, ಒಳ್ಳೆ ಆಳು, ಚಿನ್ನದಂಥ ಮನಸ್ಸು. ಹೇಳಿದ ಮಾತು ಮೀರುತ್ತಲೇ ಇರಲಿಲ್ಲ. ತೊಂದರೆ ಬಂದಿದ್ದೇ ಅಲ್ಲಿ! ಒಂದಕ್ಕೆ ಹೇಳಿದ ಬುದ್ಧಿಯನ್ನು ತಗೊಂಡು ಹೋಗಿ ಇನ್ನೊಂದಕ್ಕೆ ಹಾಕುತ್ತಿದ್ದ. ಆ ತಾಯಿ ಹಣೆ ಚಚ್ಚಿಕೊಂಡು ಚಚ್ಚಿಕೊಂಡು ಕುಂಕುಮ ಅನ್ನೋದು ನಿಲ್ಲುತ್ತಿರಲಿಲ್ಲ.

ಇಂಥವನಿಗೂ ಒಂದು ಹೆಣ್ಣು ಗೊತ್ತಾಯಿತು. ಹುಡುಗಿಯ ಹೆಸರು ಸುಕನ್ಯ. ಬೋರೇಶನಿಗೆ ಆ ಹೆಸರೇ ಊಟ, ಆ ಹೆಸರೇ ನಿದ್ದೆ. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅಂತಾರೆ. ದೇವೀರಮ್ಮ ಪಾಪ, ಹೇಳಿದ್ದು ಒಂದೇ ಸುಳ್ಳು.

"ನನ್ ಮಗ ಕಂಪ್ಯೂಟರ್ನಾಗೆ ಬಲು ಚುರುಕು ಕಣಣ್ಣ! ಅವನ ಲಗ್ನಪತ್ರಿಕೆ ಅವನೇ ಪ್ರಿಂಟ್ ಹಾಕ್ತಾನೆ!"

ಹುಡುಗಿಯ ಅಪ್ಪ ತಮ್ಮಯ್ಯ ಮೀಸೆ ತಿರುವಿದ. "ಹಂಗಾರೆ ಶುಕ್ರವಾರ ಸಂಜೆ ನಾನೇ ಬತ್ತೀನಿ ಬುಡವ್ವ. ಹುಡುಗನ ಕೆಲ್ಸನೂ ನೋಡ್ದಂಗಾಯ್ತದೆ, ನಮ್ ಪಾಲಿನ ಪತ್ರಿಕೆನೂ ಈಸ್ಕೊಂಡೋಯ್ತೀನಿ."

ಶುಕ್ರವಾರ ಬೆಳಿಗ್ಗೆ ನೋಡ್ತಾಳೆ, ಕಂಪ್ಯೂಟರ್ ಏಳ್ತಾನೇ ಇಲ್ಲ! ಕಪ್ಪು ಪರದೆ, ಅದರ ಮೇಲೆ ಎರಡು ಸಾಲು ಬಿಳಿ ಅಕ್ಷರ, ಅಷ್ಟೇ. ದೇವೀರಮ್ಮ ತಕ್ಷಣ ಬಸ್ ಸ್ಟ್ಯಾಂಡಿನ ರಿಪೇರಿ ಶಿವಲಿಂಗುವಿಗೆ ಫೋನ್ ಮಾಡಿದಳು.

"ಆಪರೇಟಿಂಗ್ ಸಿಸ್ಟಂ ಕೆಟ್ಟದೆ ಕಣಕ್ಕ. ಹೊಸದಾಗಿ ಹಾಕ್ಬೇಕು. ಒಂದು ಪೆನ್‌ಡ್ರೈವ್ ಕಳ್ಸು. ಕಂಪ್ಯೂಟರು ಅದ್ರಿಂದ್ಲೇ ಎದ್ದೇಳೋ ಹಂಗೆ ಬರೆದುಕೊಡ್ತೀನಿ."

ಬೋರೇಶ ಹೋದ, ಬೋರೇಶ ಬಂದ. ಪೆನ್‌ಡ್ರೈವ್ ಹೋದಂಗೇ ವಾಪಸ್ಸು ಬಂತು!

"ಯಾಕ್ಲಾ?"

"ಒಳಗೆ ತುಂಬ ಹಾಡವೆಯಂತೆ ಕಣವ್ವ. ಅಳಿಸ್ಲಾ ಅಂತ ಕೇಳ್ದ. ನೀನು ಹೇಳಿರ್ನಿಲ್ವಲ್ಲ, ಈಸ್ಕೊಂಡು ಬಂದೆ."

"ಅಯ್ಯೋ ನಿನ್ ಬುದ್ಧಿಗಿಷ್ಟು! ಒಬ್ರಿಗೆ ಕೊಡೋ ಮುಂಚೆ ಒಳಗಿರೋದ್ನೆಲ್ಲ ಖಾಲಿ ಮಾಡಿಸ್ಬೇಕು ಕಣ್ಲಾ!"

"ಆಯ್ತು ಕಣವ್ವ! ಖಾಲಿ ಮಾಡಿಸ್ತೀನಿ!"

ಕೆಲಸ ಬೇಗ ಆಗಲಿ ಅಂತ ಈ ಸಲ ದೇವೀರಮ್ಮ ಶಿವಲಿಂಗುವಿಗೆ ಒಂದು ಕ್ಯಾರಿಯರ್‌ನಲ್ಲಿ ಬಿಸಿ ಮುದ್ದೆ, ಹುರುಳಿಕಾಳು ಬಸ್ಸಾರು ತುಂಬಿ ಕೊಟ್ಟಳು. ಬೋರೇಶ ಹೋದ. ದಾರಿಯಲ್ಲಿ ಅವ್ವನ ಮಾತು ನೆನಪಾಯಿತು. ಕ್ಯಾರಿಯರ್ ಬಿಚ್ಚಿದ, ಅರಳಿಕಟ್ಟೆಯ ನಾಯಿಗಳಿಗೆಲ್ಲ ಮುದ್ದೆ ಮುರಿದು ಹಾಕಿದ, ನಲ್ಲಿಯಲ್ಲಿ ತೊಳೆದು ಥಳಥಳ ಮಾಡಿ ಶಿವಲಿಂಗುವಿನ ಕೈಗಿಟ್ಟ! ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಪಾಪ ಅವನಿಗೆ. ಆದರೂ ಒಳ್ಳೆಯವನು, ಹಾಡೆಲ್ಲ ಅಳಿಸಿ, ಆಪರೇಟಿಂಗ್ ಸಿಸ್ಟಂ ಬರೆದುಕೊಟ್ಟ. ಹಸಿದ ಹೊಟ್ಟೆಯಲ್ಲೇ ದೇವೀರಮ್ಮನಿಗೆ ಫೋನ್ ಮಾಡಿ, ಯಾವ ಗುಂಡಿ ಒತ್ತಬೇಕು ಅಂತಲೂ ಹೇಳಿದ, ಮುದ್ದೆಯ ಕತೆಯನ್ನೂ ಹೇಳಿದ.

"ಲೇ ಮಂಕೇ! ತಗೊಂಡೋಗೋ ಸಾಮಾನಿನ ಮುಚ್ಚಳ ಮುಟ್ಬಾರ್ದು ಕಣ್ಲಾ! ಮುಚ್ಚಿದ್ದು ಮುಚ್ಚಿದಂಗೇ ಇರ್ಬೇಕು!"

"ಆಯ್ತು ಕಣವ್ವ! ಮುಚ್ಚಿದ್ದು ಮುಚ್ಚಿದಂಗೇ!"

"ಹೋಗು, ಪೆನ್‌ಡ್ರೈವ್ ಹಾಕು, ಬಂದೆ."

ಅವಳು ಒಲೆಯ ಮೇಲೆ ಹಾಲಿಟ್ಟಿದ್ದಳಷ್ಟೆ, ಮುಂದಿನ ಕೋಣೆಯಿಂದ ಟಕ್ ಟಕ್ ಟಕ್! ಓಡಿ ಬಂದು ನೋಡ್ತಾಳೆ, ಬೋರೇಶ ಪೆನ್‌ಡ್ರೈವನ್ನು ಮುಚ್ಚಳದ ಸಮೇತ ಕಂಪ್ಯೂಟರಿಗೆ ಇಟ್ಟು ಕಾಯಿ ಒಡೆಯೋ ಕಲ್ಲಿಂದ ಬಡೀತಾವನೆ!

"ಅಯ್ಯಯ್ಯೋ, ಬುಡ್ಲಾ! ಬುಡ್ಲಾ!"

ಪುಣ್ಯಕ್ಕೆ ಮುಚ್ಚಳ ಒಡೆದಿತ್ತು, ಪೆನ್‌ಡ್ರೈವ್ ಉಳಿದಿತ್ತು. ಅವಳೇ ತೂರಿಸಿದಳು, ಗುಂಡಿ ಒತ್ತಿದಳು. ಕಂಪ್ಯೂಟರ್ ಕಣ್ಣು ಬಿಟ್ಟಿತು! ಪರದೆಯ ಮೇಲೆ ಒಂದು, ಎರಡು, ಮೂರು ಅಂತ ಎಣಿಕೆ ಶುರುವಾಯಿತು.

"ನೋಡು ಮಗ, ನೂರಾಗೋಗಂಟ ಆರಿಸ್ಬೇಡ, ಮುಟ್ಬೇಡ. ನಾನು ಎಲೆ ಅಡಿಕೆ ತತ್ತೀನಿ. ಒಲೆ ಮೇಲೆ ಹಾಲದೆ, ಅದನ್ನೂ ನೋಡ್ಕೊ."

"ಆಯ್ತು ಕಣವ್ವ! ನೂರಾಗೋಗಂಟ ಆರಿಸಕ್ಕಿಲ್ಲ!"

ಹಾಲು ಉಕ್ಕಿತು. ಬೋರೇಶ ಒಲೆಯ ಮುಂದೆ ಕೈಕಟ್ಟಿ ನಿಂತ. "ಇಪ್ಪತ್ತೊಂದು, ಇಪ್ಪತ್ತೆರಡು..." ಹಾಲು ಒಲೆ ತುಂಬ ಹರಿಯಿತು. "ಅರವತ್ತು, ಅರವತ್ತೊಂದು..." ಪಾತ್ರೆ ಸೀದು ಹೊಗೆ ಎದ್ದಿತು. ದೇವೀರಮ್ಮ ಬಾಗಿಲಿಗೆ ಬಂದಾಗ ಮಗ ಕೆಮ್ಮುತ್ತಾ ಎಂಬತ್ತೇಳರಲ್ಲಿದ್ದ.

"ಹಾಳಾಗೋಯ್ತಲ್ಲೋ! ಮೇಲಕ್ಕೆ ಬಂತು ಅನ್ನುತ್ಲೂ ಆರಿಸ್ಬೇಕು ಕಣ್ಲಾ, ಮೇಲಕ್ಕೆ ಬಂತು ಅನ್ನುತ್ಲೂ!"

"ಆಯ್ತು ಕಣವ್ವ!"

ಅವಳು ಒಲೆ ಒರೆಸುತ್ತಿದ್ದಳು. ಇವನು ಪರದೆಯ ಮುಂದೆ ಕೂತ. ತೊಂಬತ್ತೇಳು, ತೊಂಬತ್ತೆಂಟು, ತೊಂಬತ್ತೊಂಬತ್ತು... "ಅವ್ವಾ! ಮೇಲಕ್ಕೆ ಬಂತು!" ಅಂದವನೇ ಗೋಡೆಯ ಸ್ವಿಚ್ ಟಪ್ಪನೆ ಆರಿಸಿದ!

ದೇವೀರಮ್ಮ ಈ ಸಲ ಬೈಯಲಿಲ್ಲ. ನೆಲದ ಮೇಲೆ ಕೂತು ಅತ್ತಳು. ತಮ್ಮಯ್ಯ ಬರೋ ಹೊತ್ತಾಗಿತ್ತು, ಸುಳ್ಳು ಬಯಲಾಗಿ ಸಂಬಂಧ ಮುರಿದರೆ ಈ ಮಗನಿಗೆ ಇನ್ಯಾರು ದಿಕ್ಕು? ಬೋರೇಶ ಅವಳ ಸೆರಗಿನಿಂದಲೇ ಅವಳ ಕಣ್ಣು ಒರೆಸಿದ. "ಅಳ್ಬೇಡ ಕಣವ್ವ. ಇನ್ನೊಂದ್ಸಲ ಎಬ್ಸಾನ." ಆ ಮುಖ ನೋಡಿ ಅವಳಿಗೆ ಅಳುವಿನ ನಡುವೆಯೇ ನಗು ಬಂತು.

ಮತ್ತೆ ಮೊದಲಿಂದ ಹಚ್ಚಿದಳು. ಅಲ್ಲೇ ಕೂತಳು, ಮಗನ ಎರಡೂ ಕೈ ಹಿಡಿದುಕೊಂಡು. ನೂರಾಯಿತು! ಎಲ್ಲಾ ಮುಗಿದು ಹೊಸ ಪಾಸ್‌ವರ್ಡ್ ಕೇಳುವ ಹೊತ್ತಿಗೆ ಸರಿಯಾಗಿ ಬಾಗಿಲಲ್ಲಿ ತಮ್ಮಯ್ಯನ ಬೈಕಿನ ಸದ್ದು.

"ಬೋರ, ನೀನು ಮರೀದೇ ಇರೋ ಒಂದು ಮಾತು ಒತ್ತು," ಅಂತ ಪಿಸುಗುಟ್ಟಿದಳು. "ಯಾರ್ ಕೇಳಿದ್ರೂ ಅದನ್ನ ಬಾಯ್ಬುಡ್ಬೇಡ. ಸಾಕ್ಷಾತ್ ದೇವ್ರೇ ಬಂದು ಕೇಳಿದ್ರೂ ಹೇಳ್ಬೇಡ!"

"ಆಯ್ತು ಕಣವ್ವ! ದೇವ್ರಿಗೂ ಹೇಳಕ್ಕಿಲ್ಲ!"

ತಮ್ಮಯ್ಯ ಒಳಗೆ ಬಂದಾಗ ಬೋರೇಶ ತಲೆಯ ಮೇಲೆ ಟವೆಲ್ ಹೊದ್ದು, ಅದರೊಳಗೇ ಏನೋ ಒತ್ತುತ್ತಿದ್ದ. ಪರದೆ ತೆರೆಯಿತು. ದೇವೀರಮ್ಮ ಹೇಳಿದಂತೆ ಒತ್ತಿದ, ಪತ್ರಿಕೆ ಒಂದೊಂದಾಗಿ ಹೊರಗೆ ಬಿತ್ತು. ತಮ್ಮಯ್ಯ ಏನು ಕೇಳಿದರೂ ಅಳಿಯ ತುಟಿ ಬಿಚ್ಚಲಿಲ್ಲ.

"ಮಾತು ಕಮ್ಮಿ, ಕೆಲ್ಸ ಜಾಸ್ತಿ. ಒಳ್ಳೆ ಹುಡುಗ ಕಣವ್ವ!" ಅಂದ ತಮ್ಮಯ್ಯ.

ಮದುವೆಯೂ ಆಯಿತು. ಹೆಣ್ಣು ಗಂಡನ್ನು ಮನೆ ತುಂಬಿಸಿಕೊಳ್ಳುವ ಹೊತ್ತು. ಹೊಸಿಲಿಗೆ ಅಡ್ಡ ನಿಂತ ಹೆಂಗಸರು ಬಿಡುತ್ತಾರೆಯೇ?

"ಹೆಂಡ್ತಿ ಹೆಸ್ರು ಹೇಳು, ಒಳಕ್ಕೆ ಬಾ!"

ಬೋರೇಶ ಬಾಯಿ ಬಿಗಿದ.

"ಹೇಳಪ್ಪ, ನಾಚ್ಕೆ ಯಾಕೆ?"

ಊಹೂಂ! ಬೆವರು ಇಳಿಯಿತೇ ಹೊರತು ಹೆಸರು ಇಳಿಯಲಿಲ್ಲ. ಸುಕನ್ಯ ತಲೆ ತಗ್ಗಿಸಿದಳು. ತಮ್ಮಯ್ಯನ ಮುಖ ಕಪ್ಪಿಟ್ಟಿತು. "ಏನವ್ವ ಇದು? ನಿನ್ ಮಗನಿಗೆ ನಮ್ ಹುಡುಗಿ ಒಪ್ಗೆ ಇಲ್ವಾ?"

ದೇವೀರಮ್ಮ ಆರತಿ ತಟ್ಟೆ ಕೆಳಗಿಟ್ಟು ಮಗನ ಗಲ್ಲ ಹಿಡಿದಳು. "ಹೇಳ್ಲಾ ಮಗ! ನಿನ್ ದಮ್ಮಯ್ಯ, ಹೇಳ್ಲಾ!"

ಬೋರೇಶನಿಗೆ ತಡೆಯಲಾಗಲಿಲ್ಲ. ಮೂರು ಬೀದಿಗೆ ಕೇಳುವಂತೆ ಕೂಗಿಯೇಬಿಟ್ಟ:

"ಹೆಂಗವ್ವ ಹೇಳ್ಲಿ? ದೇವ್ರೇ ಬಂದ್ರೂ ಹೇಳ್ಬೇಡ ಅಂದೋಳು ನೀನೇ ಅಲ್ವಾ? ಹೆಂಡ್ತಿ ಹೆಸ್ರೇ ನಮ್ ಕಂಪ್ಯೂಟರ್ ಪಾಸ್‌ವರ್ಡು! ಹೇಳ್ಬುಟ್ರೆ ಇಡೀ ಊರಿಗೇ ಗೊತ್ತಾಗೋಗಕ್ಕಿಲ್ವಾ?"